ವಿಡಿಯೊ ಪೋಕರ್‌ನ ನಿರೀಕ್ಷಿತ ವಾಪಸಾತಿ ಲೆಕ್ಕ ಹಾಕುವುದು ಹೇಗೆ: ಒಂದು ಕೈಯಿಂದ ಇಡೀ ಆಟದವರೆಗೆ

ವಿಡಿಯೊ ಪೋಕರ್ ಯಂತ್ರದ ಪರದೆಯ ಮೇಲೆ ಒಂದು ಪಾವತಿ ಪಟ್ಟಿ ಇರುತ್ತದೆ. ಯಾವ ಕೈಗೆ, ಅಂದರೆ ಯಾವ ಐದು ಎಲೆಗಳ ಗುಂಪಿಗೆ, ಎಷ್ಟು ಕಾಯಿನ್ ಎಂದು ಅದು ಹೇಳುತ್ತದೆ. ಆ ಪಟ್ಟಿ ಮತ್ತು 52 ಎಲೆಗಳ ಒಂದು ಕಟ್ಟು, ಇಷ್ಟಿದ್ದರೆ ಸಾಕು. ಹಾಕಿದ ಪ್ರತಿ ನೂರು ಕಾಯಿನ್‌ಗೆ ಸರಾಸರಿ ಎಷ್ಟು ವಾಪಸ್ ಬರುತ್ತದೆ ಎಂಬುದನ್ನು ಯಾರು ಬೇಕಾದರೂ ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಸ್ಲಾಟ್ ಯಂತ್ರದಲ್ಲಿ ಇದು ಆಗುವುದಿಲ್ಲ. ಅಲ್ಲಿ ಯಾವ ಚಿತ್ರ ಎಷ್ಟು ಸಲ ಬೀಳುತ್ತದೆ ಎಂಬುದು ಆಟಗಾರನಿಗೆ ಕಾಣುವುದೇ ಇಲ್ಲ. ಇಲ್ಲಿ ಎಲ್ಲವೂ ಕಣ್ಣೆದುರಿಗೇ ಇದೆ. ಈ ಆಟ ನನ್ನನ್ನು ಹಿಡಿದಿಟ್ಟಿರುವುದೂ ಇದಕ್ಕೇ.

ಒಂದು ಷರತ್ತು ಮಾತ್ರ ಇದೆ. ಯಂತ್ರ ಎಲೆಗಳನ್ನು ನಿಜವಾದ ಕಟ್ಟಿನ ಹಾಗೆಯೇ ಹಂಚಬೇಕು. ಅಮೆರಿಕದ ನೆವಾಡಾ ರಾಜ್ಯದ ಜೂಜು ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ನಿಜವಾದ ಆಟವೊಂದನ್ನು ತೋರಿಸುವ ಯಂತ್ರದಲ್ಲಿ ಪ್ರತಿ ಎಲೆ ಬರುವ ಸಾಧ್ಯತೆ ಆ ನಿಜವಾದ ಆಟದಲ್ಲಿ ಇರುವಷ್ಟೇ ಇರಬೇಕು. ಆದರೆ ಅಮೆರಿಕದ ಮೂಲನಿವಾಸಿ ಸಮುದಾಯಗಳು ನಡೆಸುವ ಕೆಲವು ಕ್ಯಾಸಿನೊಗಳಲ್ಲಿ ‘ಕ್ಲಾಸ್ 2’ ಎಂಬ ಯಂತ್ರಗಳಿವೆ. ಅಲ್ಲಿ ಒಳಗೆ ನಡೆಯುವುದು ಬಿಂಗೊ. ಪರದೆಯ ಮೇಲಿನ ಪೋಕರ್ ಬರೀ ಚಿತ್ರ. ಮುಂದೆ ಹೇಳುವ ಯಾವ ಲೆಕ್ಕವೂ ಅಂಥ ಯಂತ್ರಕ್ಕೆ ಅನ್ವಯಿಸುವುದಿಲ್ಲ.

ಹಂತ 1: ಪಾವತಿ ಪಟ್ಟಿಯನ್ನು ಒಂದು ಕಾಯಿನ್‌ನ ಅಳತೆಗೆ ತನ್ನಿ

ನಾವು ‘ಜಾಕ್ಸ್ ಆರ್ ಬೆಟರ್’ ಆಟವನ್ನೇ ತೆಗೆದುಕೊಳ್ಳೋಣ. ಉಳಿದ ಬಹುತೇಕ ಆಟಗಳು ಇದರದೇ ರೂಪಗಳು. ಐದು ಎಲೆ ಬರುತ್ತವೆ. ಬೇಕಾದಷ್ಟನ್ನು ಹಿಡಿದುಕೊಂಡು ಉಳಿದವನ್ನು ಒಂದೇ ಒಂದು ಸಲ ಬದಲಿಸಬಹುದು. ಕೊನೆಯಲ್ಲಿ ಗುಲಾಮ ಅಥವಾ ಅದಕ್ಕಿಂತ ಮೇಲಿನ ಜೋಡಿ ಇದ್ದರೆ ಪಾವತಿ ಶುರು. ಈ ಆಟದ ಒಳ್ಳೆಯ ಪಟ್ಟಿ, ಹಾಕಿದ ಒಂದು ಕಾಯಿನ್‌ಗೆ, ಹೀಗಿದೆ:

ರಾಯಲ್ ಫ್ಲಶ್ (ಒಂದೇ ಜಾತಿಯ 10, ಗುಲಾಮ, ರಾಣಿ, ರಾಜ, ಎಕ್ಕ) – 800
ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯ, ಅಂಕಿಗಳು ಸಾಲಾಗಿ ಬರುವ ಐದು ಎಲೆ) – 50
ಒಂದೇ ಅಂಕಿಯ ನಾಲ್ಕು – 25
ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೆ ಒಂದು ಜೋಡಿ) – 9
ಫ್ಲಶ್ (ಐದೂ ಒಂದೇ ಜಾತಿ) – 6
ಸ್ಟ್ರೇಟ್ (ಅಂಕಿಗಳು ಸಾಲಾಗಿ ಬರುವ ಐದು ಎಲೆ, ಜಾತಿ ಯಾವುದಾದರೂ) – 4
ಒಂದೇ ಅಂಕಿಯ ಮೂರು – 3
ಎರಡು ಜೋಡಿ – 2
ಗುಲಾಮ ಅಥವಾ ಮೇಲಿನ (ರಾಣಿ, ರಾಜ, ಎಕ್ಕ) ಜೋಡಿ – 1

ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಇರುವುದರಿಂದ ಆಟಗಾರರು ಇದನ್ನು ‘9/6’ ಎನ್ನುತ್ತಾರೆ. ಕ್ಯಾಸಿನೊಗಳು ಪಾವತಿ ಕಡಿಮೆ ಮಾಡುವಾಗ ಸಾಮಾನ್ಯವಾಗಿ ಕೈ ಹಾಕುವುದು ಈ ಎರಡು ಸಾಲುಗಳಿಗೇ. ಇನ್ನೊಂದು ವಿಷಯ: ರಾಯಲ್ ಫ್ಲಶ್‌ಗೆ 800 ಸಿಗುವುದು ಐದೂ ಕಾಯಿನ್ ಹಾಕಿದಾಗ ಮಾತ್ರ, ಅಂದರೆ ಐದಕ್ಕೆ 4,000. ಒಂದರಿಂದ ನಾಲ್ಕು ಕಾಯಿನ್ ಹಾಕಿದರೆ ಕಾಯಿನ್‌ಗೆ 250 ಅಷ್ಟೇ.

ಈ ಅಂಕಿಗಳಲ್ಲಿ ನೀವು ಹಾಕಿದ ಕಾಯಿನ್ ಕೂಡ ಸೇರಿದೆ. ಗುಲಾಮರ ಜೋಡಿಗೆ 1 ಬಂತು ಎಂದರೆ ನಿಮ್ಮ ಕಾಯಿನ್ ನಿಮಗೇ ಮರಳಿತು, ಲಾಭ ಸೊನ್ನೆ.

ಹಂತ 2: ಒಂದೇ ಕೈಯಲ್ಲಿ ಎರಡು ದಾರಿಗಳನ್ನು ತೂಗಿ ನೋಡಿ

ಇಡೀ ಲೆಕ್ಕದ ಜೀವ ಇರುವುದು ಈ ಹಂತದಲ್ಲಿ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ನಿಮಗೆ ಬಂದ ಎಲೆಗಳು: ಆಟೀನ್ 8, ಇಸ್ಪೀಟ್ 8, ಆಟೀನ್ ರಾಜ, ಆಟೀನ್ 5, ಆಟೀನ್ 3. ಒಂದು ಕಡೆ ಎಂಟರ ಜೋಡಿ ಇದೆ. ಇನ್ನೊಂದು ಕಡೆ ನಾಲ್ಕು ಆಟೀನ್ ಇವೆ, ಇನ್ನೊಂದು ಬಂದರೆ ಫ್ಲಶ್. ಯಾವುದನ್ನು ಹಿಡಿಯಬೇಕು?

ಮೊದಲು ಫ್ಲಶ್‌ನ ದಾರಿ. ಇಸ್ಪೀಟ್ 8 ಬಿಟ್ಟರೆ ಕಟ್ಟಿನಲ್ಲಿ ಉಳಿದ 47 ಎಲೆಗಳಲ್ಲಿ ಒಂದು ಬರುತ್ತದೆ. ಆಟೀನ್ ಒಟ್ಟು 13. ನಾಲ್ಕು ನಮ್ಮ ಕೈಯಲ್ಲಿವೆ, ಉಳಿದದ್ದು 9. ಅವುಗಳಲ್ಲಿ ಯಾವುದು ಬಂದರೂ 6 ಕಾಯಿನ್: 9 × 6 = 54. ಉಳಿದ ಮೂರು ರಾಜರಲ್ಲಿ ಒಬ್ಬ ಬಂದರೆ ರಾಜರ ಜೋಡಿ: 3 × 1 = 3. ಬೇರೆ ಏನು ಬಂದರೂ ಸೊನ್ನೆ. ಒಟ್ಟು 57. ಇದನ್ನು 47ರಿಂದ ಭಾಗಿಸಿದರೆ 1.213. ಈ ದಾರಿಯ ಸರಾಸರಿ ಬೆಲೆ ಇದು.

ಈಗ ಜೋಡಿಯ ದಾರಿ. ಮೂರು ಎಲೆ ಬಿಡುತ್ತೇವೆ. 47ರಲ್ಲಿ 3 ಎಲೆ ಬರುವ ಬಗೆಗಳು 47 × 46 × 45 ÷ 6 = 16,215. ಉಳಿದ 47 ಎಲೆಗಳಲ್ಲಿ ಎರಡು 8 ಇವೆ. ರಾಜ, 5, 3 ಇವುಗಳಲ್ಲಿ ತಲಾ ಮೂರು ಉಳಿದಿವೆ, ಏಕೆಂದರೆ ಒಂದೊಂದನ್ನು ನಾವೇ ಬಿಸಾಡಿದ್ದೇವೆ. ಉಳಿದ ಒಂಬತ್ತು ಅಂಕಿಗಳಲ್ಲಿ ತಲಾ ನಾಲ್ಕು. 2 + 9 + 36 = 47, ಸರಿ ಹೋಯಿತು.

ನಾಲ್ಕು ಎಂಟು: ಎರಡೂ 8 ಬರಬೇಕು, ಮೂರನೆಯದು ಉಳಿದ 45ರಲ್ಲಿ ಯಾವುದಾದರೂ. 45 ಬಗೆ.

ಫುಲ್ ಹೌಸ್ ಎರಡು ರೀತಿ ಆಗಬಹುದು. ಒಂದು 8 ಮತ್ತು ಬೇರೊಂದು ಜೋಡಿ ಬರಬಹುದು. ಬೇರೆ ಜೋಡಿಗಳು: ತಲಾ ಮೂರು ಎಲೆ ಉಳಿದ ಮೂರು ಅಂಕಿಗಳಿಂದ 3 × 3 = 9, ತಲಾ ನಾಲ್ಕು ಉಳಿದ ಒಂಬತ್ತು ಅಂಕಿಗಳಿಂದ 9 × 6 = 54, ಒಟ್ಟು 63. ಎಂಟನ್ನು ಎರಡು ರೀತಿ ಆರಿಸಬಹುದು, ಹಾಗಾಗಿ 126. ಅಥವಾ ಬಂದ ಮೂರೂ ಒಂದೇ ಅಂಕಿಯವಾಗಿರಬಹುದು: 3 × 1 + 9 × 4 = 39. ಒಟ್ಟು 165.

ಮೂರು ಎಂಟು: ಒಂದು 8, ಜೊತೆಗೆ ಜೋಡಿಯಾಗದ ಎರಡು ಎಲೆ. 45ರಲ್ಲಿ ಎರಡು ಆರಿಸುವ ಬಗೆ 990, ಅದರಲ್ಲಿ ಜೋಡಿಗಳು 63. ಉಳಿದದ್ದು 927, ಎರಡರಿಂದ ಗುಣಿಸಿದರೆ 1,854.

ಎರಡು ಜೋಡಿ: 9 × 42 + 54 × 41 = 378 + 2,214 = 2,592.

ಇನ್ನು ಉಳಿದ 11,559 ಬಗೆಗಳಲ್ಲಿ ಎಂಟರ ಜೋಡಿ ಹಾಗೆಯೇ ಉಳಿಯುತ್ತದೆ. ಅದಕ್ಕೆ ಪಾವತಿ ಇಲ್ಲ.

ಒಟ್ಟು ಪಾವತಿ: 45 × 25 + 165 × 9 + 1,854 × 3 + 2,592 × 2 = 13,356. ಇದನ್ನು 16,215ರಿಂದ ಭಾಗಿಸಿದರೆ 0.824.

1.213 ಎಲ್ಲಿ, 0.824 ಎಲ್ಲಿ! ಜೋಡಿಯನ್ನು ಮುರಿದು ಫ್ಲಶ್‌ಗೆ ಹೋಗಬೇಕು.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಎರಡು 8ರ ಜಾಗದಲ್ಲಿ ಎರಡು ಗುಲಾಮ ಇಡಿ. ಫ್ಲಶ್ ದಾರಿಯಲ್ಲಿ ಎರಡು ಗುಲಾಮರೂ ಲೆಕ್ಕಕ್ಕೆ ಬರುತ್ತಾರೆ: 54 + 3 + 2 = 59, ಭಾಗಿಸು 47, ಅಂದರೆ 1.255. ಜೋಡಿಯ ದಾರಿಯಲ್ಲಿ ಬಗೆಗಳ ಎಣಿಕೆ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಮೊದಲು ಸೊನ್ನೆಯಾಗಿದ್ದ 11,559 ಬಗೆಗಳಿಗೆ ಈಗ ತಲಾ ಒಂದು ಕಾಯಿನ್ ಸಿಗುತ್ತದೆ. 13,356 + 11,559 = 24,915, ಭಾಗಿಸು 16,215, ಅಂದರೆ 1.537. ಉತ್ತರ ತಲೆಕೆಳಗಾಯಿತು. ಈಗ ಜೋಡಿಯನ್ನೇ ಹಿಡಿಯಬೇಕು.

ಯಾವುದನ್ನು ಹಿಡಿಯಬೇಕು ಎಂದು ಹೇಳುವ ತಂತ್ರದ ಪಟ್ಟಿಗಳಲ್ಲಿ ಬರುವ ‘ಚಿಕ್ಕ ಜೋಡಿಗಿಂತ ಫ್ಲಶ್‌ನ ನಾಲ್ಕು ಎಲೆ ಮೇಲು, ದೊಡ್ಡ ಜೋಡಿಗಿಂತ ಕೆಳಗೆ’ ಎಂಬ ಸಾಲು ಹುಟ್ಟಿದ್ದು ಹೀಗೆ. ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಒಂದು ಸಲ ಕೈಯಾರೆ ಎಣಿಸಿ ನೋಡಿ. ಆಮೇಲೆ ಅದು ಮರೆಯುವುದಿಲ್ಲ.

ರಾಯಲ್‌ನ ತೂಕ ಎಷ್ಟು ಎಂದು ತಿಳಿಯಲು ಇನ್ನೊಂದು ಕೈ ನೋಡಿ: ಇಸ್ಪೀಟ್‌ನ ಎಕ್ಕ, ರಾಜ, ರಾಣಿ, ಗುಲಾಮ ಮತ್ತು 4. ಫ್ಲಶ್ ಆಗಲೇ ಆಗಿದೆ, 6 ಕಾಯಿನ್ ಖಚಿತ. 4 ಬಿಸಾಡಿದರೆ? ಇಸ್ಪೀಟ್ 10 ಬಂದರೆ 800. ಬೇರೆ ಏಳು ಇಸ್ಪೀಟ್‌ಗೆ ತಲಾ 6, ಅಂದರೆ 42. ಬೇರೆ ಜಾತಿಯ ಮೂರು 10ಕ್ಕೆ ಸ್ಟ್ರೇಟ್, 12. ಎಕ್ಕ, ರಾಜ, ರಾಣಿ, ಗುಲಾಮರ ಉಳಿದ ಹನ್ನೆರಡು ಎಲೆಗಳಿಗೆ ತಲಾ 1, ಇನ್ನೂ 12. ಒಟ್ಟು 866 ಭಾಗಿಸು 47, ಅಂದರೆ 18.43. ಖಚಿತವಾದ ಆರನ್ನು ಕೈಬಿಡುವುದು ಕಷ್ಟ ಅನಿಸುತ್ತದೆ, ಅಲ್ವಾ? ಆದರೆ ಮೂರು ಪಟ್ಟು ಜಾಸ್ತಿ ಬೆಲೆ ಇರುವುದು ಬಿಡುವುದರಲ್ಲೇ.

ಹಂತ 3: 32 ದಾರಿಗಳನ್ನೂ ನೋಡಿ

ಐದು ಎಲೆಗಳಲ್ಲಿ ಪ್ರತಿಯೊಂದನ್ನೂ ಹಿಡಿಯಬಹುದು ಅಥವಾ ಬಿಡಬಹುದು. ಎರಡನ್ನು ಐದು ಸಲ ಗುಣಿಸಿದರೆ 32. ಮೇಲಿನ ಉದಾಹರಣೆಯಲ್ಲಿ ಎರಡನ್ನು ಮಾತ್ರ ಹೋಲಿಸಿದೆವು, ಏಕೆಂದರೆ ಉಳಿದ ಮೂವತ್ತರಲ್ಲಿ ಯಾವುದೂ ಗೆಲ್ಲುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರ್‌ಗೆ ಹಾಗೆ ಕಾಣುವುದಿಲ್ಲ. ಅದು 32ನ್ನೂ ಲೆಕ್ಕ ಹಾಕಿ ಅತಿ ದೊಡ್ಡದನ್ನು ಇಟ್ಟುಕೊಳ್ಳಬೇಕು.

ಎಷ್ಟು ಎಲೆ ಬಿಟ್ಟರೆ ಎಷ್ಟು ಬಗೆ? ಏನೂ ಬಿಡದಿದ್ದರೆ 1. ಒಂದು ಬಿಟ್ಟರೆ 47, ಎರಡಕ್ಕೆ 1,081, ಮೂರಕ್ಕೆ 16,215, ನಾಲ್ಕಕ್ಕೆ 1,78,365, ಐದಕ್ಕೆ 15,33,939. ಇವನ್ನು ಕ್ರಮವಾಗಿ 1, 5, 10, 10, 5, 1ರಿಂದ ಗುಣಿಸಿ ಕೂಡಿಸಿದರೆ 25,98,960. ಒಂದು ಕಟ್ಟಿನಿಂದ ಐದು ಎಲೆ ಹಂಚುವ ಬಗೆಗಳು ಎಷ್ಟೋ ಅಷ್ಟೇ! ಇದು ಕಾಕತಾಳೀಯವಲ್ಲ. 52 ಎಲೆಗಳಿಂದ ಬರುವ ಯಾವುದೇ ಕೊನೆಯ ಕೈಯನ್ನು ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಮೊದಲ ಐದರ ಕೆಲವು ಎಲೆಗಳಿರುತ್ತವೆ, ಉಳಿದವು 47ರಿಂದ ಬಂದಿರುತ್ತವೆ. ಹಾಗಾಗಿ ಪ್ರತಿ ಕೊನೆಯ ಕೈಯನ್ನೂ ತಲುಪಲು ಒಂದೇ ಒಂದು ದಾರಿ ಇದೆ.

ಹಂತ 4: ಎಲ್ಲ ಕೈಗಳ ಸರಾಸರಿ ತೆಗೆಯಿರಿ

ನಿಯಮ ಸರಳ. ಹಂಚಬಹುದಾದ 25,98,960 ಕೈಗಳಲ್ಲಿ ಪ್ರತಿಯೊಂದಕ್ಕೂ ಅತ್ಯುತ್ತಮ ದಾರಿಯ ಬೆಲೆ ಹುಡುಕಿ, ಎಲ್ಲವನ್ನೂ ಕೂಡಿಸಿ, 25,98,960ರಿಂದ ಭಾಗಿಸಿ. ಬರುವ ಸಂಖ್ಯೆಯೇ ನಿರೀಕ್ಷಿತ ವಾಪಸಾತಿ.

ಆದರೆ ಹಾಗೆಯೇ ಮಾಡಲು ಹೊರಟರೆ 25,98,960ರ ವರ್ಗ, ಅಂದರೆ ಸುಮಾರು 6.75 ಲಕ್ಷ ಕೋಟಿ ಕೈಗಳನ್ನು ಪರೀಕ್ಷಿಸಬೇಕು. ಇದನ್ನು ಇಳಿಸಲು ಎರಡು ಉಪಾಯಗಳಿವೆ.

ಮೊದಲನೆಯದು ಜಾತಿಯ ಸಮಾನತೆ. ಪೋಕರ್‌ನಲ್ಲಿ ಆಟೀನ್, ಇಸ್ಪೀಟ್, ಡೈಮನ್, ಕಳಾವರ್ ನಾಲ್ಕಕ್ಕೂ ಒಂದೇ ಬೆಲೆ. ಜಾತಿಗಳನ್ನು ಅದಲುಬದಲು ಮಾಡಿದರೆ ಸಿಗುವ ಕೈಗಳೆಲ್ಲ ಒಂದೇ ಎಂದು ಹಿಡಿದರೆ ಬೇರೆ ಬೇರೆ ಕೈಗಳು 1,34,459 ಮಾತ್ರ. ಪ್ರತಿಯೊಂದಕ್ಕೂ 4, 12 ಅಥವಾ 24 ಎಂಬ ತೂಕ ಕೊಡಿ, ಅಷ್ಟು ನಿಜವಾದ ಕೈಗಳನ್ನು ಅದು ಪ್ರತಿನಿಧಿಸುತ್ತದೆ. ತೂಕಗಳನ್ನೆಲ್ಲ ಕೂಡಿಸಿದರೆ ಮತ್ತೆ 25,98,960 ಬರಲೇಬೇಕು. ಬರದಿದ್ದರೆ ಮುಂದೆ ಹೋಗಬೇಡಿ. ಈ ಒಂದು ಉಪಾಯದಿಂದಲೇ ಕೆಲಸ ಸುಮಾರು 35 ಸಾವಿರ ಕೋಟಿ ಕೈಗಳಿಗೆ ಇಳಿಯುತ್ತದೆ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು. ಒಂದೇ ಕೈಯನ್ನು ಮತ್ತೆ ಮತ್ತೆ ಪರೀಕ್ಷಿಸುವುದೇ ಬೇಡ. ಮೊದಲು 25,98,960 ಕೈಗಳ ಪಾವತಿಯನ್ನು ಒಮ್ಮೆ ಮಾತ್ರ ನೋಡಿ. ಪ್ರತಿ ಕೈಯೊಳಗಿನ 32 ಉಪಗುಂಪುಗಳ ಖಾತೆಗೂ ಆ ಪಾವತಿಯನ್ನು ಸೇರಿಸುತ್ತಾ ಹೋಗಿ. ನಾಲ್ಕು ಎಲೆಯ ಗುಂಪುಗಳು 2,70,725, ಮೂರರವು 22,100, ಎರಡರವು 1,326, ಒಂಟಿ ಎಲೆಗಳು 52, ಖಾಲಿ ಗುಂಪು ಒಂದು. ಐದು ಎಲೆಯ ಗುಂಪಿಗೆ ಆ ಕೈಯದೇ ಪಾವತಿ. ಈಗ ಯಾವುದೇ ಎಲೆಗಳನ್ನು ಹಿಡಿದರೆ, ‘ಈ ಎಲೆಗಳಿರುವ ಎಲ್ಲ ಕೈಗಳ ಒಟ್ಟು ಪಾವತಿ’ ಖಾತೆಯಲ್ಲೇ ಇದೆ. ತೊಂದರೆ ಒಂದೇ: ನೀವು ಬಿಸಾಡಿದ ಎಲೆ ಮತ್ತೆ ಬಂದ ಕೈಗಳೂ ಅದರಲ್ಲಿ ಸೇರಿವೆ. ಅವನ್ನು ಕಳೆಯಬೇಕು. ಬಿಸಾಡಿದ ಒಂದೊಂದು ಎಲೆ ಸೇರಿದ ಖಾತೆಯನ್ನು ಕಳೆಯಿರಿ, ಎರಡೆರಡು ಸೇರಿದ್ದನ್ನು ಕೂಡಿಸಿ, ಮೂರು ಸೇರಿದ್ದನ್ನು ಕಳೆಯಿರಿ, ಹೀಗೆ.

ನಮ್ಮ ಎಂಟರ ಜೋಡಿಯಲ್ಲೇ ಇದನ್ನು ಪರೀಕ್ಷಿಸೋಣ. ಜೋಡಿ ಇರುವ ಎಲ್ಲ ಕೈಗಳು 19,600. ಬಿಸಾಡಿದ ಮೂರು ಎಲೆಗಳಲ್ಲಿ ಒಂದೊಂದು ಇರುವವು 3 × 1,176 = 3,528, ಕಳೆಯಿರಿ. ಎರಡೆರಡು ಇರುವವು 3 × 48 = 144, ಕೂಡಿಸಿ. ಮೂರೂ ಇರುವುದು 1, ಕಳೆಯಿರಿ. ಉತ್ತರ 16,215. ನಾಲ್ಕು ಎಂಟಿಗೂ ಅದೇ ದಾರಿ: 48ರಲ್ಲಿ 3 ಕಳೆದರೆ 45. ಮೇಲೆ ಕೈಯಾರೆ ಎಣಿಸಿದ್ದೂ ಇದೇ.

32 ದಾರಿಗಳಿಗೂ ಸೇರಿ ಇಂಥ ಕೂಡು-ಕಳೆಯುವ ಪದಗಳು ಒಂದು ಕೈಗೆ 243. ಅದನ್ನು 1,34,459ರಿಂದ ಗುಣಿಸಿದರೆ ಮೂರೂಕಾಲು ಕೋಟಿ ಸಣ್ಣ ಲೆಕ್ಕಗಳು. ಇವತ್ತಿನ ಕಂಪ್ಯೂಟರ್‌ಗೆ ಇದು ಕೆಲಸವೇ ಅಲ್ಲ.

ದಶಮಾಂಶಗಳ ಸವೆತ ತಪ್ಪಿಸಲು ಪೂರ್ಣಾಂಕಗಳಲ್ಲೇ ಲೆಕ್ಕ ಇಡಿ. 1, 47, 1,081, 16,215, 1,78,365, 15,33,939 ಈ ಆರಕ್ಕೂ ಸಾಮಾನ್ಯ ಛೇದ 76,69,695. ಪ್ರತಿ ಬೆಲೆಯನ್ನೂ ಆ ಛೇದಕ್ಕೆ ತಂದರೆ ಭಾಗಾಕಾರ ಕೊನೆಯಲ್ಲಿ ಒಂದೇ ಸಲ ಸಾಕು. ಒಟ್ಟು ಮೊತ್ತ ಲಕ್ಷ ಕೋಟಿಗಳ ಲೆಕ್ಕಕ್ಕೆ ಏರುವುದರಿಂದ 64 ಬಿಟ್‌ನ ಪೂರ್ಣಾಂಕ ಬಳಸಿ.

ಹಂತ 5: ಪ್ರೋಗ್ರಾಂ ಸರಿ ಇದೆಯೇ ಎಂದು ಪರೀಕ್ಷಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಮೊದಲ ಐದು ಎಲೆಗಳಲ್ಲೇ ಬರುವ ಕೈಗಳ ಎಣಿಕೆ ಎಲ್ಲರಿಗೂ ಗೊತ್ತಿರುವಂಥದ್ದು: ರಾಯಲ್ 4, ಸ್ಟ್ರೇಟ್ ಫ್ಲಶ್ 36, ನಾಲ್ಕು 624, ಫುಲ್ ಹೌಸ್ 3,744, ಫ್ಲಶ್ 5,108, ಸ್ಟ್ರೇಟ್ 10,200, ಮೂರು 54,912, ಎರಡು ಜೋಡಿ 1,23,552, ಗುಲಾಮ ಅಥವಾ ಮೇಲಿನ ಜೋಡಿ 3,37,920. ಸ್ಟ್ರೇಟ್ ಎಣಿಕೆ ತಪ್ಪಿದರೆ ಎಕ್ಕವನ್ನು 2, 3, 4, 5ರ ಕೆಳಗೆ ಸೇರಿಸಲು ಮರೆತಿದ್ದೀರಾ ನೋಡಿ.

ಆಮೇಲೆ ಇನ್ನೊಂದು ಪರೀಕ್ಷೆ. ಯಾವಾಗಲೂ ಐದೂ ಎಲೆ ಹಿಡಿಯುವ ಆಟಗಾರನ ವಾಪಸಾತಿ ಲೆಕ್ಕ ಹಾಕಿ. ಮೇಲಿನ ಎಣಿಕೆಗಳನ್ನು ಪಾವತಿಗಳಿಂದ ಗುಣಿಸಿದರೆ 8,75,504, ಭಾಗಿಸಿದರೆ 0.33687. ಯಾವಾಗಲೂ ಐದೂ ಎಲೆ ಬಿಸಾಡುವವನಿಗೂ ಸರಾಸರಿ ಇದೇ ಬರಬೇಕು, ಏಕೆಂದರೆ ಅವನಿಗೆ ಸಿಗುವುದೂ ಕಟ್ಟಿನ ಯಾವುದೋ ಐದು ಎಲೆಗಳೇ. ಎರಡು ಉತ್ತರ ಬೇರೆಯಾದರೆ ಕೂಡು-ಕಳೆಯುವ ಕಡೆ ಎಲ್ಲೋ ತಪ್ಪಿದೆ.

ಹಂತ 6: ಉತ್ತರವನ್ನು ಬಿಡಿಸಿ ಓದಿ

9/6 ಆಟಕ್ಕೆ ಉತ್ತರ 0.995439. ಅಂದರೆ 99.54 ಶೇಕಡ. ಪಾವತಿಯ ಖಾತೆಗಳ ಜೊತೆಗೆ ಪ್ರತಿ ಕೈಯ ಎಣಿಕೆಯನ್ನೂ ಇಟ್ಟಿದ್ದರೆ ಅದು ಎಲ್ಲಿಂದ ಬಂತು ಎಂದೂ ಕಾಣುತ್ತದೆ. ಸಾಧ್ಯತೆ ಮೊದಲು, ವಾಪಸಾತಿಯಲ್ಲಿ ಅದರ ಪಾಲು ಆಮೇಲೆ:

ರಾಯಲ್ ಫ್ಲಶ್ – 0.0000248, ಪಾಲು 0.0198
ಸ್ಟ್ರೇಟ್ ಫ್ಲಶ್ – 0.000109, ಪಾಲು 0.0055
ನಾಲ್ಕು – 0.002363, ಪಾಲು 0.0591
ಫುಲ್ ಹೌಸ್ – 0.011512, ಪಾಲು 0.1036
ಫ್ಲಶ್ – 0.011015, ಪಾಲು 0.0661
ಸ್ಟ್ರೇಟ್ – 0.011229, ಪಾಲು 0.0449
ಮೂರು – 0.074449, ಪಾಲು 0.2233
ಎರಡು ಜೋಡಿ – 0.129279, ಪಾಲು 0.2586
ಗುಲಾಮ ಅಥವಾ ಮೇಲು – 0.214585, ಪಾಲು 0.2146
ಏನೂ ಇಲ್ಲ – 0.545435

ಹೊಸ ಪಟ್ಟಿ ಕಂಡಾಗ ಪ್ರೋಗ್ರಾಂ ಇಲ್ಲದೆಯೂ ಅಂದಾಜು ಹಾಕಲು ಇದು ಸಾಕು. ಫುಲ್ ಹೌಸ್ ಮತ್ತು ಫ್ಲಶ್ ಎರಡರ ಸಾಧ್ಯತೆಯೂ ಸುಮಾರು 1.1 ಶೇಕಡ. ಆದ್ದರಿಂದ ಅವುಗಳಲ್ಲಿ ಕಳೆದುಕೊಂಡ ಪ್ರತಿ ಕಾಯಿನ್‌ಗೆ ವಾಪಸಾತಿ 1.1 ಶೇಕಡದಷ್ಟು ಇಳಿಯುತ್ತದೆ. 8/5 ಪಟ್ಟಿಗೆ 0.995439ರಿಂದ 0.011512 ಮತ್ತು 0.011015 ಕಳೆದರೆ 0.9729. ತಂತ್ರವನ್ನೂ ಬದಲಿಸಿ ಪೂರ್ತಿ ಲೆಕ್ಕ ಹಾಕಿದರೆ 97.30 ಶೇಕಡ. ಅಂದಾಜು ಎಷ್ಟು ಹತ್ತಿರ ಬಂತು ನೋಡಿ! ಪಟ್ಟಿ ಸ್ವಲ್ಪವೇ ಬದಲಾದರೆ ಹೊಸ ತಂತ್ರದಿಂದ ಸಿಗುವ ಹೆಚ್ಚುವರಿ ತೀರಾ ಕಡಿಮೆ. 7/5 ಪಟ್ಟಿ 96.15, 6/5 ಪಟ್ಟಿ 95.00 ಶೇಕಡ.

ಒಂದೇ ಕಾಯಿನ್ ಹಾಕುವವರಿಗೆ ಏನಾಗುತ್ತದೆ? ರಾಯಲ್ 800ರಿಂದ 250ಕ್ಕೆ ಇಳಿಯುತ್ತದೆ. ಕಳೆದದ್ದು 550 × 0.0000248, ಅಂದರೆ 1.36 ಶೇಕಡ. ಅದೇ ತಂತ್ರದಲ್ಲಿ ಉಳಿಯುವುದು 98.18. ರಾಯಲ್‌ನ ಆಸೆ ತಗ್ಗಿಸಿ ಆಡಿದರೆ ಸ್ವಲ್ಪ ಮೇಲೇರುತ್ತದೆ.

ರಾಯಲ್‌ನ ಪಾವತಿ ಏರುತ್ತಾ ಹೋಗುವ ಜಾಕ್‌ಪಾಟ್‌ಗೂ ಇದೇ ದಾರಿ. ನೂರಕ್ಕೆ ನೂರು ಮುಟ್ಟಲು ಬೇಕಾದದ್ದು 0.004561. ಅದನ್ನು ರಾಯಲ್‌ನ ಸಾಧ್ಯತೆಯಿಂದ ಭಾಗಿಸಿದರೆ 184. ಹಾಗಾದರೆ ರಾಯಲ್ ಕಾಯಿನ್‌ಗೆ 984 ಆಗಬೇಕು, ಐದಕ್ಕೆ ಸುಮಾರು 4,920. ನಿಜವಾದ ಗಡಿ ಇದಕ್ಕಿಂತ ಸ್ವಲ್ಪ ಕೆಳಗಿದೆ. ರಾಯಲ್ ದೊಡ್ಡದಾದಂತೆ ಅದರ ಕಡೆಗೆ ವಾಲಿ ಆಡುವುದು ಲಾಭ, ಅದರ ಸಾಧ್ಯತೆಯೂ ಏರುತ್ತದೆ.

52 ಎಲೆಗಳ ಬೇರೆ ಆಟಗಳಿಗೆ ಬದಲಿಸಬೇಕಾದದ್ದು ಕೈಯ ಪಾವತಿ ಹೇಳುವ ಭಾಗ ಮಾತ್ರ. ‘ಡ್ಯೂಸಸ್ ವೈಲ್ಡ್’ನಲ್ಲಿ 2 ಯಾವ ಎಲೆಯಾದರೂ ಆಗಬಹುದು. ಅದರ ಅತ್ಯುತ್ತಮ ಪಟ್ಟಿಯ ವಾಪಸಾತಿ 100.76 ಶೇಕಡ, ಆಟಗಾರನ ಪರವಾಗಿಯೇ ಇದೆ. ಜೋಕರ್ ಇರುವ ಆಟದಲ್ಲಿ ಕಟ್ಟು 53 ಎಲೆಗಳದು. ಅಲ್ಲಿ ಕೈಗಳು 28,69,685, ಬದಲಿ ಎಲೆ ಬರುವುದು 48ರಿಂದ.

ಹಂತ 7: ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

99.54 ಎಂಬುದು ಸರಾಸರಿ. ಅದೂ ಒಂದು ತಪ್ಪನ್ನೂ ಮಾಡದೆ ಆಡಿದರೆ ಸಿಗುವ ಸರಾಸರಿ. ಅದರಲ್ಲಿ ಸುಮಾರು ಎರಡು ಶೇಕಡ ಬರುವುದು ರಾಯಲ್‌ನಿಂದ, ಮತ್ತು ರಾಯಲ್ ಬರುವುದು ಸುಮಾರು 40,391 ಕೈಗಳಿಗೆ ಒಮ್ಮೆ. ಅಷ್ಟು ಕೈ ಆಡಿದ ಮೇಲೂ ಒಂದೂ ರಾಯಲ್ ಕಾಣದಿರುವ ಸಾಧ್ಯತೆ ಸುಮಾರು 37 ಶೇಕಡ. ರಾಯಲ್ ಬಾರದ ದಿನಗಳಲ್ಲಿ ನೀವು ಆಡುತ್ತಿರುವುದು 97.56 ಶೇಕಡದ ಆಟ.

ಏರಿಳಿತ ಅಳೆಯಲು ಪ್ರತಿ ಪಾವತಿಯ ವರ್ಗವನ್ನು ಅದರ ಸಾಧ್ಯತೆಯಿಂದ ಗುಣಿಸಿ ಕೂಡಿಸಿ. 20.51 ಬರುತ್ತದೆ. ಅದರಿಂದ ವಾಪಸಾತಿಯ ವರ್ಗ 0.99 ಕಳೆದರೆ 19.52. ವರ್ಗಮೂಲ 4.42. ಒಂದು ಕೈಯ ಪ್ರಮಾಣಿತ ವಿಚಲನೆ, ಅಂದರೆ ಫಲ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬುದರ ಅಳತೆ, ಇದು. ಆ 20.51ರಲ್ಲಿ 15.85 ರಾಯಲ್ ಒಂದರದೇ ಪಾಲು.

10,000 ಕೈಗಳಿಗೆ ನಿರೀಕ್ಷಿತ ನಷ್ಟ ಸುಮಾರು 46 ಪಣ (ಒಂದು ಪಣ ಎಂದರೆ ಒಂದು ಕೈಗೆ ಹಾಕುವ ಮೊತ್ತ). ವಿಚಲನೆ ಕೈಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಏರುತ್ತದೆ: 4.42 × 100 = 442 ಪಣ. ನಷ್ಟಕ್ಕಿಂತ ಏರಿಳಿತ ಹತ್ತು ಪಟ್ಟು ದೊಡ್ಡದು. ಎರಡೂ ಸಮವಾಗಲು 4.42ನ್ನು 0.004561ರಿಂದ ಭಾಗಿಸಿ ವರ್ಗ ಮಾಡಬೇಕು: ಸುಮಾರು 9.4 ಲಕ್ಷ ಕೈಗಳು. ಹಾಗಾಗಿ ಒಂದು ಸಂಜೆಯ ಗೆಲುವು ಸೋಲಿನಿಂದ ಯಂತ್ರ ಒಳ್ಳೆಯದೋ ಕೆಟ್ಟದೋ ಎಂದು ಹೇಳಲು ಸಾಧ್ಯವೇ ಇಲ್ಲ. ಪಾವತಿ ಪಟ್ಟಿ ನೋಡಿಯೇ ಹೇಳಬೇಕು.

ಕೊನೆಗೆ ಗಂಟೆಯ ಲೆಕ್ಕ. ಗಂಟೆಗೆ 600 ಕೈ, ಕೈಗೆ ಐದು ಕಾಯಿನ್ ಎಂದರೆ 3,000 ಕಾಯಿನ್ ಪಣಕ್ಕೆ ಹೋಗುತ್ತದೆ. 9/6ರಲ್ಲಿ ಸರಾಸರಿ ನಷ್ಟ 3,000 × 0.004561, ಸುಮಾರು 14 ಕಾಯಿನ್. ಅದೇ ವೇಗದಲ್ಲಿ 8/5 ಆಡಿದರೆ 81 ಕಾಯಿನ್.